ಇಟಲಿ, ಅಲ್ಬೇನಿಯಾ, ಗ್ರೀಸ್: ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳೆಲ್ಲ ಒಂದೇ ದಾರಿಯ ಬಗ್ಗೆ. ದಕ್ಷಿಣ ಇಟಲಿಯಲ್ಲಿ ಶುರು ಮಾಡಿ, ಹಡಗಿನಲ್ಲಿ ಏಡ್ರಿಯಾಟಿಕ್ ಸಮುದ್ರ ದಾಟಿ, ಅಲ್ಬೇನಿಯಾದ ಬೆಟ್ಟಗಳಲ್ಲಿ ನಡೆದು, ಗ್ರೀಸ್‌ನಲ್ಲಿ ಮುಗಿಸುವ ದಾರಿ. ಬಸ್ಸು, ರೈಲು, ಹಡಗು ಅಷ್ಟೇ. ನಡುವೆ ವಿಮಾನ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರನ್ನು, ಅದರಲ್ಲೂ ಮೊದಲ ಸಲ ಹೀಗೆ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ದಾರಿ ಯಾವುದು, ಮೊದಲು ಅದನ್ನು ಹೇಳಿ.

ರೋಮ್‌ನಲ್ಲಿ ಇಳಿದು ರೈಲಿನಲ್ಲಿ ನೇಪಲ್ಸ್. ಅಲ್ಲಿಂದ ಬಸ್ಸಿನಲ್ಲಿ ಮತೇರಾ. ಮತೇರಾದಿಂದ ಬಾರಿ ಎಂಬ ಬಂದರು ನಗರ. ಬಾರಿಯಿಂದ ರಾತ್ರಿ ಹಡಗು ಹತ್ತಿದರೆ ಬೆಳಗ್ಗೆ ಅಲ್ಬೇನಿಯಾದ ದುರ್ರೆಸ್. ಅಲ್ಲಿಂದ ಉತ್ತರಕ್ಕೆ ಶ್ಕೋದರ್ ಮತ್ತು ಅಲ್ಬೇನಿಯನ್ ಆಲ್ಪ್ಸ್ ಎಂಬ ಬೆಟ್ಟಗಳು, ಆಮೇಲೆ ದಕ್ಷಿಣಕ್ಕೆ ಇಳಿಯುತ್ತಾ ಬೆರಾತ್, ಜಿರೊಕಾಸ್ಟರ್, ಸರಾಂದಾ. ಸರಾಂದಾದಿಂದ ಸಣ್ಣ ಹಡಗಿನಲ್ಲಿ ಗ್ರೀಸ್‌ನ ಕೊರ್ಫು ದ್ವೀಪ, ಮತ್ತೊಂದು ಹಡಗಿನಲ್ಲಿ ಇಗುಮೆನಿತ್ಸಾ, ಬಸ್ಸಿನಲ್ಲಿ ಇಯೊನ್ನಿನಾ, ಮೆಟಿಯೊರಾ, ಕೊನೆಗೆ ಅಥೆನ್ಸ್‌ನಿಂದ ವಾಪಸ್ ವಿಮಾನ.

ವೆನಿಸ್, ಫ್ಲಾರೆನ್ಸ್, ಸ್ಯಾಂಟೊರಿನಿ ಬಿಟ್ಟು ಇಲ್ಲಿಗೆ ಯಾಕೆ ಹೋಗಬೇಕು?

ಅವೆಲ್ಲ ಚೆನ್ನಾಗಿಲ್ಲ ಅಂತ ಅಲ್ಲ. ಆದರೆ ಒಂದು ಫೋಟೋ ಸ್ಥಳದಿಂದ ಇನ್ನೊಂದಕ್ಕೆ ವಿಮಾನದಲ್ಲಿ ಹಾರಿದರೆ ನಡುವಿನದ್ದೇನೂ ಕಾಣುವುದಿಲ್ಲ. ಈ ದಾರಿಯಲ್ಲಿ ಒಂದು ನಾಡು ಇನ್ನೊಂದಾಗಿ ಬದಲಾಗುವುದನ್ನು ನೆಲದ ಮೇಲೆ ನಿಂತು ನೋಡಬಹುದು. ಒಂದೇ ರಾತ್ರಿಯ ಹಡಗು ಪ್ರಯಾಣ ಸಾಕು, ಕರೆನ್ಸಿ ಬದಲಾಗುತ್ತದೆ, ಚರ್ಚ್ ಗೋಪುರದ ಪಕ್ಕದಲ್ಲಿ ಮಸೀದಿಯ ಮಿನಾರ್ ಬರುತ್ತದೆ, ರೈಲಿನ ವೇಳಾಪಟ್ಟಿ ಹೋಗಿ "ತುಂಬಿದ ಮೇಲೆ ಹೊರಡುತ್ತದೆ" ಎನ್ನುವ ವ್ಯಾನ್ ಬರುತ್ತದೆ. ಯುರೋಪಿಯನ್ ಒಕ್ಕೂಟದ ಒಳಗಿರುವುದಕ್ಕೂ ಹೊರಗಿರುವುದಕ್ಕೂ ಏನು ವ್ಯತ್ಯಾಸ ಅಂತ ಪುಸ್ತಕ ಓದದೆ ಗೊತ್ತಾಗುತ್ತದೆ.

ಅಷ್ಟೇ ಅಲ್ಲ. ದೂರ ದೂರ ಅನ್ನಿಸುವ ಈ ಮೂರು ನಾಡುಗಳು ಒಳಗೊಳಗೇ ಹೆಣೆದುಕೊಂಡಿವೆ. ದಕ್ಷಿಣ ಇಟಲಿಯಲ್ಲಿ 15ನೇ ಶತಮಾನದಿಂದ ಬಂದು ನೆಲೆಸಿದ ಅಲ್ಬೇನಿಯನ್ನರ ಹಳ್ಳಿಗಳಿವೆ, ಅಲ್ಲಿ ಇವತ್ತಿಗೂ ಹಳೆಯ ಅಲ್ಬೇನಿಯನ್ ಮಾತಾಡುತ್ತಾರೆ. ಲೆಚ್ಚೆ ಪಕ್ಕದ ಕೆಲವು ಊರುಗಳಲ್ಲಿ ಗ್ರೀಕ್ ಮಾತಾಡುವವರಿದ್ದಾರೆ. ದಕ್ಷಿಣ ಅಲ್ಬೇನಿಯಾದಲ್ಲೂ ಗ್ರೀಕರ ಹಳ್ಳಿಗಳಿವೆ. ರೋಮನ್ನರ ಕಾಲದ ಆಪ್ಪಿಯಾ ರಸ್ತೆ ಇಟಲಿಯ ಬ್ರಿಂಡಿಸಿಯಲ್ಲಿ ಮುಗಿದರೆ, ಸಮುದ್ರದ ಆಚೆ ದುರ್ರೆಸ್‌ನಲ್ಲಿ ಎಗ್ನಾಟಿಯಾ ರಸ್ತೆ ಶುರುವಾಗಿ ಇಸ್ತಾಂಬುಲ್ ಕಡೆ ಹೋಗುತ್ತಿತ್ತು. ಅಂದರೆ ನೀವು ಹೋಗುವುದು ಹೊಸ ದಾರಿಯೇನಲ್ಲ, ಎರಡು ಸಾವಿರ ವರ್ಷದಿಂದ ಜನ ಓಡಾಡಿದ್ದೇ.

ವೀಸಾ ಹೇಗೆ? ಇದು ಬಹಳ ಗೊಂದಲ ಮಾಡುತ್ತದೆ.

ನಿಧಾನವಾಗಿ ಓದಿ, ಈ ಪ್ರವಾಸದಲ್ಲಿ ಕೈಕೊಡುವುದಿದ್ದರೆ ಇಲ್ಲೇ.

ಇಟಲಿ ಮತ್ತು ಗ್ರೀಸ್ ಎರಡೂ ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ ಇವೆ. ಅಲ್ಬೇನಿಯಾ ಇಲ್ಲ. ನೀವು ಇಟಲಿಯಿಂದ ಹಡಗು ಹತ್ತಿದ ಕೂಡಲೇ ಷೆಂಗೆನ್‌ನಿಂದ ಹೊರಗೆ ಬಂದ ಹಾಗೆ. ಸರಾಂದಾದಿಂದ ಕೊರ್ಫುಗೆ ಬಂದಾಗ ಮತ್ತೆ ಒಳಗೆ. ಹಾಗಾಗಿ ಮಲ್ಟಿಪಲ್ ಎಂಟ್ರಿ ವೀಸಾ ಬೇಕೇ ಬೇಕು. ಸ್ಟಿಕರ್ ಮೇಲೆ 01 ಅಂತ ಇದ್ದರೆ ಒಂದೇ ಸಲದ ಪ್ರವೇಶ, ಎಂ-ಯು-ಎಲ್-ಟಿ ಅಂತ ಇದ್ದರೆ ಎಷ್ಟು ಸಲ ಬೇಕಾದರೂ.

ಒಳ್ಳೆಯ ಸುದ್ದಿ ಏನಪ್ಪಾ ಅಂದರೆ, ಚಾಲ್ತಿಯಲ್ಲಿರುವ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಇದ್ದು, ಅದನ್ನು ಒಮ್ಮೆಯಾದರೂ ಬಳಸಿದ್ದರೆ, ಅಲ್ಬೇನಿಯಾಕ್ಕೆ ಬೇರೆ ವೀಸಾ ಬೇಡ. "ಒಮ್ಮೆ ಬಳಸಿದ್ದರೆ" ಎಂಬ ಮಾತು ಮುಖ್ಯ. ಅದಕ್ಕೇ ಇಟಲಿ ಮೊದಲು, ಅಲ್ಬೇನಿಯಾ ಆಮೇಲೆ. ಊರಿಂದ ನೇರ ಅಲ್ಬೇನಿಯಾದ ರಾಜಧಾನಿ ಟಿರಾನಾಗೆ ಹಾರಿ ಅಲ್ಲಿಂದ ಶುರು ಮಾಡುತ್ತೇನೆ ಅಂದರೆ ಹೊಸ ವೀಸಾದಲ್ಲಿ ಆಗುವುದಿಲ್ಲ. ಹೊರಡುವ ಮುಂಚೆ ಅಲ್ಬೇನಿಯಾ ವಿದೇಶಾಂಗ ಇಲಾಖೆಯ ಪುಟದಲ್ಲಿ ನಿಯಮವನ್ನು ಇನ್ನೊಮ್ಮೆ ನೋಡಿ, ಅದರ ಒಂದು ಪ್ರಿಂಟ್ ಜೊತೆಗಿಟ್ಟುಕೊಳ್ಳಿ. ಹಡಗಿನ ಟಿಕೆಟ್ ಕೌಂಟರ್‌ನಲ್ಲಿ ಕೂತವರಿಗೆ ಭಾರತದ ಪಾಸ್‌ಪೋರ್ಟ್‌ನ ಲೆಕ್ಕ ಗೊತ್ತಿರಲೇಬೇಕು ಅಂತೇನಿಲ್ಲ.

ಅರ್ಜಿ ಯಾವ ದೇಶಕ್ಕೆ ಹಾಕುವುದು? ಷೆಂಗೆನ್ ದೇಶಗಳಲ್ಲಿ ಎಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೆ. ಸಮ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ, ಅಂದರೆ ಇಟಲಿಗೆ. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಏಜೆನ್ಸಿಯ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ತಡ ಮಾಡಬೇಡಿ. ಅರ್ಜಿಯ ಜೊತೆ ಹಾಕುವ ಪತ್ರದಲ್ಲಿ ಬಾರಿ-ದುರ್ರೆಸ್ ಮತ್ತು ಸರಾಂದಾ-ಕೊರ್ಫು ಹಡಗುಗಳನ್ನು ತಾರೀಖಿನ ಸಮೇತ ಬರೆದು, ಎರಡು ಸಲ ಒಳಗೆ ಬರಬೇಕು, ಅದಕ್ಕಾಗಿಯೇ ಮಲ್ಟಿಪಲ್ ಎಂಟ್ರಿ ಬೇಕು ಅಂತ ಕಾರಣ ಕೊಟ್ಟು ಕೇಳಿ. ಸುಮ್ನೆ "ಮಲ್ಟಿಪಲ್ ಎಂಟ್ರಿ ಕೊಡಿ" ಅನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು. ಅಲ್ಬೇನಿಯಾದಲ್ಲಿ ಕಳೆದ ದಿನಗಳು ಷೆಂಗೆನ್ ಲೆಕ್ಕಕ್ಕೆ ಸೇರುವುದಿಲ್ಲ. 180 ದಿನದಲ್ಲಿ 90 ಎನ್ನುವ ಮಿತಿಯೂ, ವೀಸಾ ಮೇಲೆ ಬರೆದಿರುವ ದಿನಗಳ ಸಂಖ್ಯೆಯೂ ಷೆಂಗೆನ್ ಒಳಗಿನ ದಿನಗಳಿಗೆ ಮಾತ್ರ.

ಮಲ್ಟಿಪಲ್ ಕೇಳಿದೆ, ಸಿಂಗಲ್ ಎಂಟ್ರಿ ಸಿಕ್ಕಿತು. ಈಗೇನು?

ಅಲ್ಬೇನಿಯಾ ಬಿಡಿ. ಬಾರಿ ಅಥವಾ ಬ್ರಿಂಡಿಸಿಯಿಂದ ನೇರವಾಗಿ ಇಗುಮೆನಿತ್ಸಾಗೆ ಹಡಗು ಇದೆ, ಷೆಂಗೆನ್ ಒಳಗೇ ಇರುತ್ತೀರಿ. ಅಲ್ಬೇನಿಯಾದ ಬೆಟ್ಟಗಳ ಬದಲು ಗ್ರೀಸ್‌ನ ಝಗೋರಿಗೆ ಹೋಗಿ. ಕಲ್ಲಿನ ಹಳ್ಳಿಗಳು, ಕಮಾನು ಸೇತುವೆಗಳು, ವಿಕೋಸ್ ಕಂದರ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಬೇಸರ ಮಾಡಿಕೊಳ್ಳಬೇಡಿ, ಅದೂ ಬಹಳ ಚೆನ್ನಾಗಿದೆ. ಆದರೆ ಸಿಂಗಲ್ ಎಂಟ್ರಿ ಇಟ್ಟುಕೊಂಡು "ನೋಡೋಣ ಬಿಡು" ಅಂತ ದುರ್ರೆಸ್ ಹಡಗು ಹತ್ತಬೇಡಿ. ದುರ್ರೆಸ್‌ನಲ್ಲೇ ಒಳಗೆ ಬಿಡದಿರಬಹುದು, ಬಿಟ್ಟರೂ ಕೊರ್ಫು ಬಂದರಿನಲ್ಲಿ ವಾಪಸ್ ಕಳಿಸುತ್ತಾರೆ.

ಇನ್ಶೂರೆನ್ಸ್?

ವೀಸಾಗೆ ಕನಿಷ್ಠ 30,000 ಯೂರೋ ರಕ್ಷಣೆ ಬೇಕು. ಆದರೆ "ಷೆಂಗೆನ್ ಮಾತ್ರ" ಅಂತ ಬರೆದಿರುವ ಪಾಲಿಸಿ ಅಲ್ಬೇನಿಯಾದಲ್ಲಿ ಕೆಲಸಕ್ಕೆ ಬರುವುದಿಲ್ಲ, ಬೆಟ್ಟ ನಡೆಯುವುದೋ ಅಲ್ಲಿಯೇ. ಅಲ್ಬೇನಿಯಾ ಸೇರಿರುವ, ಚಾರಣಕ್ಕೂ ಅನ್ವಯಿಸುವ ಪಾಲಿಸಿ ಕೇಳಿ ತೆಗೆದುಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಜೂನ್ ಮಧ್ಯದಿಂದ ಜುಲೈ ಮೊದಲ ವಾರದವರೆಗೆ, ಇಲ್ಲವೇ ಸೆಪ್ಟೆಂಬರ್. ನನ್ನನ್ನು ಕೇಳಿದರೆ ಸೆಪ್ಟೆಂಬರ್. ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಜನ ಕಮ್ಮಿ, ಅಂಜೂರ ಮತ್ತು ದ್ರಾಕ್ಷಿ ಕಾಲ. ಮೇ ತಿಂಗಳಲ್ಲಿ ಅಲ್ಬೇನಿಯಾದ ಕಣಿವೆ ದಾರಿಯಲ್ಲಿ ಇನ್ನೂ ಹಿಮ ಇರಬಹುದು. ಆಗಸ್ಟ್ ಬೇಡವೇ ಬೇಡ. ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ, ಆಗಸ್ಟ್ 15ಕ್ಕೆ ಇಟಲಿಯಲ್ಲೂ ಗ್ರೀಸ್‌ನಲ್ಲೂ ದೊಡ್ಡ ಹಬ್ಬ, ಆ ವಾರ ಇಡೀ ದೇಶವೇ ಸಮುದ್ರ ತೀರದಲ್ಲಿರುತ್ತದೆ. ಹಾಸಿಗೆ ಸಿಗುವುದಿಲ್ಲ, ಸಿಕ್ಕರೂ ಕೈ ಸುಡುತ್ತದೆ.

ಎಷ್ಟು ದಿನ ಬೇಕು?

ಮೂರು ವಾರಕ್ಕಿಂತ ಕಮ್ಮಿ ಬೇಡ. ನಾಲ್ಕಾದರೆ ಆರಾಮ.

ಖರ್ಚು ಎಷ್ಟಾಗುತ್ತದೆ?

ವಿಮಾನ, ವೀಸಾ ಬಿಟ್ಟು ಹೇಳುತ್ತೇನೆ. ಡಾರ್ಮ್‌ನಲ್ಲಿ ಮಲಗಿ, ಒಂದು ಹೊತ್ತು ಅಂಗಡಿಯ ಬ್ರೆಡ್ಡು ಹಣ್ಣು ತಿಂದು, ಬಸ್ಸಿನಲ್ಲಿ ಓಡಾಡುವವರ ಲೆಕ್ಕ ಇದು. ಇಟಲಿಯಲ್ಲಿ ದಿನಕ್ಕೆ ಸುಮಾರು 60ರಿಂದ 70 ಯೂರೋ ಇಟ್ಟುಕೊಳ್ಳಿ, ಅಲ್ಬೇನಿಯಾದಲ್ಲಿ 35ರಿಂದ 45, ಗ್ರೀಸ್‌ನಲ್ಲಿ 50ರಿಂದ 60. ಮಧ್ಯದ ಅಲ್ಬೇನಿಯಾದ ದಿನಗಳು ಇಡೀ ಬಜೆಟ್ಟನ್ನು ಹಿಡಿದು ನಿಲ್ಲಿಸುತ್ತವೆ. ಇಟಲಿಯ ಊರುಗಳಲ್ಲಿ ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಕೇಳುತ್ತಾರೆ, ಅದು ಮೋಸ ಅಲ್ಲ. ಹೋಟೆಲ್ ಬಿಲ್ಲಿನಲ್ಲಿ ತಲೆಗಿಷ್ಟು ಅಂತ ಮೇಜಿನ ಶುಲ್ಕ ಸೇರಿಸಿರುತ್ತಾರೆ, ಅದೂ ಮಾಮೂಲಿ. ಕಾಫಿ ನಿಂತು ಕುಡಿದರೆ ಅಗ್ಗ, ಕೂತರೆ ಜಾಸ್ತಿ.

ಕಾರ್ಡ್ ಉಜ್ಜುವಾಗ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ, ಯಾವಾಗಲೂ ಆ ದೇಶದ ಹಣದಲ್ಲೇ ಕೊಡಿ. ಅಲ್ಬೇನಿಯಾದಲ್ಲಿ ವ್ಯಾನ್, ಹಳ್ಳಿ ಮನೆ, ಸಣ್ಣ ಅಂಗಡಿ ಎಲ್ಲ ನಗದು. ಅಲ್ಲಿನ ಹಣ ಲೆಕ್. ಒಂದು ವಿಚಿತ್ರ ಗೊತ್ತಿರಲಿ: 1965ರಲ್ಲಿ ಹಣದಲ್ಲಿ ಒಂದು ಸೊನ್ನೆ ತೆಗೆದರು, ಆದರೂ ಕೆಲವರು ಇವತ್ತಿಗೂ ಹಳೆಯ ಲೆಕ್ಕದಲ್ಲೇ ಬೆಲೆ ಹೇಳುತ್ತಾರೆ. ಕಾಫಿಗೆ ಸಾವಿರ ಅಂದರೆ ಗಾಬರಿಯಾಗಬೇಡಿ, ನೂರು ಅಂತ ಅರ್ಥ.

ನೇಪಲ್ಸ್ ಕೊಳಕು, ಕಳ್ಳರ ಊರು ಅಂತಾರಲ್ಲ?

ಗಲಾಟೆ ಇದೆ. ಗೋಡೆ ತುಂಬಾ ಗೀಚು, ಓಣಿಯಲ್ಲಿ ಸ್ಕೂಟರ್, ಬಾಲ್ಕನಿಯಿಂದ ಬಾಲ್ಕನಿಗೆ ಬಟ್ಟೆ. ನಮ್ಮ ದೊಡ್ಡ ಊರುಗಳಲ್ಲಿ ಬೆಳೆದವರಿಗೆ ಇದು ಭಯ ಹುಟ್ಟಿಸುವ ವಿಷಯವೇ ಅಲ್ಲ. ರೈಲು ನಿಲ್ದಾಣದ ಸುತ್ತ, ಪೊಂಪೇಗೆ ಹೋಗುವ ಲೋಕಲ್ ರೈಲಿನಲ್ಲಿ ಜೇಬು ಹುಷಾರು. ಮೊಬೈಲನ್ನು ರಸ್ತೆ ಕಡೆ ಕೈಯಲ್ಲಿ ಹಿಡಿದು ನಡೆಯಬೇಡಿ. ಅಷ್ಟೇ.

ಪೊಂಪೇ ಬಗ್ಗೆ ಎರಡು ಮಾತು. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದು ಮುಚ್ಚಿಹೋದ ಊರು ಅದು. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನಕ್ಕೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ಹೆಸರು ಇರಬೇಕು, ಪಾಸ್‌ಪೋರ್ಟ್ ಒಯ್ಯಿರಿ. ಅಲ್ಲಿ ನೆರಳೇ ಇಲ್ಲ, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಇರಿ. ಅಲ್ಲಿಂದ ತೆಗೆದ ಒಳ್ಳೆಯ ಚಿತ್ರಗಳು, ಮೊಸಾಯಿಕ್‌ಗಳು ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂನಲ್ಲಿವೆ. ಪೊಂಪೇ ನೋಡಿ ಮ್ಯೂಸಿಯಂ ಬಿಟ್ಟರೆ ಅರ್ಧ ನೋಡಿದ ಹಾಗೆ.

ಮತೇರಾದಲ್ಲಿ ಅಂಥಾದ್ದೇನಿದೆ?

ಬೆಟ್ಟದ ಕಲ್ಲನ್ನು ಕೊರೆದು ಮಾಡಿದ ಮನೆಗಳ ಊರು. ಒಂದರ ಮಾಳಿಗೆ ಇನ್ನೊಂದರ ಅಂಗಳ. 1950ರವರೆಗೂ ಇಲ್ಲಿನ ಗವಿಗಳಲ್ಲಿ ಬಡ ಕುಟುಂಬಗಳು ಹೇಸರಗತ್ತೆ, ಕೋಳಿಗಳ ಜೊತೆ ಒಂದೇ ಕೋಣೆಯಲ್ಲಿ ಬದುಕುತ್ತಿದ್ದವು. ಮಲೇರಿಯಾ ಇತ್ತು, ಮಕ್ಕಳು ಸಾಯುತ್ತಿದ್ದರು. ಇಟಲಿಗೇ ಇದು ನಾಚಿಕೆಗೇಡು ಅಂತ ರಾಜಕಾರಣಿಗಳು ಭಾಷಣ ಮಾಡಿದರು. 1952ರಲ್ಲಿ ಕಾನೂನು ಮಾಡಿ ಸುಮಾರು 15 ಸಾವಿರ ಜನರನ್ನು ಎಬ್ಬಿಸಿ ಹೊಸ ಬಡಾವಣೆಗಳಿಗೆ ಕಳಿಸಿದರು. ಊರು ಖಾಲಿ ಬಿತ್ತು. 1993ರಲ್ಲಿ ಅದೇ ಗವಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು, 2019ರಲ್ಲಿ ಮತೇರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆಯಿತು. ಈಗ ಕೆಲವು ಗವಿಗಳು ಬಲು ದುಬಾರಿ ಹೋಟೆಲ್.

ಹಾಗಾಗಿ ಅಲ್ಲಿ ರಾತ್ರಿ ಉಳಿಯಿರಿ, ಆದರೆ ಹಳೆಯ ಮನೆಯೊಂದನ್ನು ಇದ್ದ ಹಾಗೇ ಇಟ್ಟಿರುವ ಸಣ್ಣ ಮ್ಯೂಸಿಯಂಗಳಲ್ಲಿ ಒಂದಕ್ಕಾದರೂ ಮೊದಲು ಹೋಗಿ. ಆ ಕೋಣೆ ನೋಡಿದ ಮೇಲೆ ಊರು ಬೇರೆಯೇ ಕಾಣುತ್ತದೆ. ಎದುರಿನ ಕಂದರ ಇಳಿದು ಹತ್ತಿದರೆ ಆಚೆ ಬದಿಯಿಂದ ಇಡೀ ಮತೇರಾ ಕಾಣುತ್ತದೆ, ಸಂಜೆ ಹೊತ್ತು ಹೋಗಿ. ಕಲ್ಲು ನುಣುಪು, ಮಳೆ ಬಂದರೆ ಜಾರುತ್ತದೆ. ಮತೇರಾದಿಂದ ಬಾರಿಗೆ ಒಂದು ಸಣ್ಣ ಗೇಜಿನ ರೈಲು ಇದೆ, ಭಾನುವಾರ ಓಡುತ್ತದೆಯಾ ಅಂತ ಮುಂಚೆ ನೋಡಿಕೊಳ್ಳಿ, ಇಲ್ಲದಿದ್ದರೆ ಬಸ್ಸು.

ಬಾರಿ-ದುರ್ರೆಸ್ ಹಡಗು ಹೇಗಿರುತ್ತದೆ?

ರಾತ್ರಿ ಹತ್ತು ಹನ್ನೊಂದಕ್ಕೆ ಹೊರಟು ಬೆಳಗ್ಗೆ ತಲುಪುತ್ತದೆ. ಪ್ರವಾಸಿಗಳ ಹಡಗು ಅಲ್ಲ. ಲಾರಿ ಚಾಲಕರು, ಇಟಲಿಯಲ್ಲಿ ದುಡಿದು ಊರಿಗೆ ಹೋಗುವ ಅಲ್ಬೇನಿಯನ್ ಕುಟುಂಬಗಳು, ಕಾರಿನ ಮೇಲೆ ಕಟ್ಟಿದ ಸಾಮಾನು. ಕ್ಯಾಬಿನ್ ತೆಗೆದುಕೊಳ್ಳಬಹುದು, ಬೇಡ ಅಂದರೆ ಡೆಕ್ ಟಿಕೆಟ್ ಅಗ್ಗ. ಡೆಕ್ ತೆಗೆದುಕೊಂಡವರು ಮಲಗುವ ಚೀಲ, ಬೆಚ್ಚನೆಯ ಬಟ್ಟೆ ಒಯ್ಯಿರಿ. ಒಳಗೆ ಏಸಿ ಜೋರು. ಆನ್‌ಲೈನ್ ಟಿಕೆಟ್ ಇದ್ದರೂ ಬಂದರಿನ ಕೌಂಟರ್‌ನಲ್ಲಿ ಚೆಕ್-ಇನ್ ಮಾಡಿಸಬೇಕು, ಪಾಸ್‌ಪೋರ್ಟ್ ಸಾಲು ಉದ್ದ. ಮೂರು ಗಂಟೆ ಮುಂಚೆ ಹೋಗಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆಯುವ ಹೊಸ ವ್ಯವಸ್ಥೆಯನ್ನು ಹಂತ ಹಂತವಾಗಿ ಶುರು ಮಾಡಿದ್ದಾರೆ, ಅದಕ್ಕೂ ಸಮಯ ಬೇಕು.

ಹಡಗು ಹತ್ತುವ ಮುಂಚೆ ಬಾರಿ ಬಂದರಿನ ಬಗ್ಗೆ ಒಂದು ವಿಷಯ ತಿಳಿದಿರಿ. 1991ರ ಆಗಸ್ಟ್ 8ರಂದು ವ್ಲೋರಾ ಎಂಬ ಸರಕು ಹಡಗು ಇದೇ ಬಂದರಿಗೆ ಬಂತು. ಅದರ ಮೇಲೆ ಸುಮಾರು 20 ಸಾವಿರ ಅಲ್ಬೇನಿಯನ್ನರಿದ್ದರು, ಕಂಬಗಳ ಮೇಲೆ, ಹಗ್ಗಗಳ ಮೇಲೆ, ನಿಲ್ಲಲೂ ಜಾಗವಿಲ್ಲದೆ. ಕಮ್ಯುನಿಸ್ಟ್ ಆಡಳಿತ ಕುಸಿದಿತ್ತು, ಊಟಕ್ಕಿರಲಿಲ್ಲ. ಅವರನ್ನು ಊರಿನ ಕ್ರೀಡಾಂಗಣದಲ್ಲಿ ಕೂಡಿಹಾಕಿ ಬಹುತೇಕರನ್ನು ವಾಪಸ್ ಕಳಿಸಿದರು. ಈಗ ಇಟಲಿಯವರೇ ರಜೆ ಕಳೆಯಲು ಅಲ್ಬೇನಿಯಾಕ್ಕೆ ಬರುತ್ತಾರೆ, ಕೆಲವರು ಪಿಂಚಣಿ ಹಣದಲ್ಲಿ ಬದುಕಲು ಅಲ್ಲೇ ನೆಲೆಸಿದ್ದಾರೆ. ಆ ರಾತ್ರಿ ಡೆಕ್ ಮೇಲೆ ನಿಮ್ಮ ಪಕ್ಕ ಕೂತ ಐವತ್ತು ದಾಟಿದವರ ಜೊತೆ ಮಾತಾಡಿ. ಅವರಿಗೆ ಆ ವರ್ಷ ನೆನಪಿರುತ್ತದೆ.

ಅಲ್ಬೇನಿಯಾ ಸುರಕ್ಷಿತವೇ? ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ?

ಹೋಗಬಹುದು. ಬಹಳ ಜನ ಹೋಗುತ್ತಾರೆ. ಅತಿಥಿಯನ್ನು ಕಾಯುವುದು ಅಲ್ಲಿ ಮನೆತನದ ಮಾನದ ಪ್ರಶ್ನೆ. ಉತ್ತರದ ಬೆಟ್ಟಗಳಲ್ಲಿ ಇದನ್ನು ಕಾನೂನಿನಂತೆಯೇ ಪಾಲಿಸಿಕೊಂಡು ಬಂದಿದ್ದಾರೆ. ಹಳ್ಳಿಯ ಕಾಫಿ ಅಂಗಡಿಯಲ್ಲಿ ಬರೀ ಗಂಡಸರೇ ಕೂತಿರುವುದು ಕಂಡು ಮುಜುಗರ ಆಗಬಹುದು, ದಿಟ್ಟಿಸಿ ನೋಡುವವರೂ ಇರುತ್ತಾರೆ. ಭಾರತದವರು ಅಂತ ಗೊತ್ತಾದರೆ ಮದರ್ ತೆರೇಸಾ ಹೆಸರು ಬರುತ್ತದೆ. ಆಕೆ ಅಲ್ಬೇನಿಯನ್ ಮೂಲದವರು, ಟಿರಾನಾ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು.

ನಿಜವಾದ ಅಪಾಯ ಎರಡು. ಒಂದು ರಸ್ತೆ, ಅಲ್ಲಿ ವಾಹನ ಓಡಿಸುವ ರೀತಿ ಒರಟು. ಎರಡು, ಬೆಟ್ಟದಲ್ಲಿ ಕುರಿ ಕಾಯುವ ನಾಯಿಗಳು. ಮಂದೆ ಕಂಡರೆ ಸುತ್ತು ಬಳಸಿ ಹೋಗಿ, ಓಡಬೇಡಿ, ಕುರುಬನನ್ನು ಕೂಗಿ ಕರೆಯಿರಿ. ಆಂಬ್ಯುಲೆನ್ಸ್‌ಗೆ ಅಲ್ಬೇನಿಯಾದಲ್ಲಿ 127, ಇಟಲಿ ಮತ್ತು ಗ್ರೀಸ್‌ನಲ್ಲಿ 112.

ಅಲ್ಲಿ ಬಸ್ಸು ಹೇಗೆ ಹಿಡಿಯುವುದು?

ಫುರ್ಗಾನ್ ಎಂಬ ವ್ಯಾನ್‌ಗಳಿವೆ. ಗಾಜಿನ ಮುಂದೆ ಊರಿನ ಹೆಸರಿನ ಬೋರ್ಡ್ ಇಟ್ಟಿರುತ್ತಾರೆ, ತುಂಬಿದ ಮೇಲೆ ಹೊರಡುತ್ತದೆ, ಇಳಿಯುವಾಗ ದುಡ್ಡು. ದೊಡ್ಡ ಬಸ್ಸುಗಳಿಗೆ ಹೊತ್ತು ಇದೆ, ಆದರೆ ಇಂಟರ್ನೆಟ್‌ನಲ್ಲಿ ಸಿಗುವ ವೇಳೆ ನಂಬಬೇಡಿ, ಹಿಂದಿನ ಸಂಜೆ ಹಾಸ್ಟೆಲ್‌ನವರನ್ನು ಕೇಳಿ. ಎಲ್ಲ ಬೆಳಗ್ಗೆಯೇ. ಮಧ್ಯಾಹ್ನ ಎರಡರ ಮೇಲೆ ದೂರದ ಊರಿಗೆ ಗಾಡಿ ಸಿಗುವುದು ಕಷ್ಟ.

ಥೆತ್-ವಲ್ಬೋನಾ ಚಾರಣ ನನ್ನಿಂದ ಆಗುತ್ತದಾ?

ಕುಮಾರಪರ್ವತ ಹತ್ತಿ ಇಳಿದಿದ್ದರೆ ಧಾರಾಳವಾಗಿ ಆಗುತ್ತದೆ. ಎರಡು ಹಳ್ಳಿಗಳ ನಡುವೆ ಸುಮಾರು 1,800 ಮೀಟರ್ ಎತ್ತರದ ಕಣಿವೆ ಬಾಯಿ ದಾಟಬೇಕು. ಆರರಿಂದ ಎಂಟು ಗಂಟೆ. ದಾರಿಗೆ ಬಣ್ಣದ ಗುರುತು ಇದೆ, ಬೇಸಿಗೆಯಲ್ಲಿ ಜನ ಇರುತ್ತಾರೆ, ಗೈಡ್ ಬೇಡ.

ಹೋಗುವ ಕ್ರಮ ಹೀಗಿರಲಿ. ದೊಡ್ಡ ಬ್ಯಾಗನ್ನು ಶ್ಕೋದರ್‌ನ ಹಾಸ್ಟೆಲ್‌ನಲ್ಲೇ ಬಿಡಿ. ಬೆಳಗ್ಗೆ ಆರೂವರೆ ಸುಮಾರಿಗೆ ಕೊಮಾನ್‌ಗೆ ವ್ಯಾನ್ ಹೊರಡುತ್ತದೆ. ಕೊಮಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿ ಪ್ರಯಾಣ, ಎರಡೂವರೆ ಗಂಟೆ, ಎರಡೂ ಕಡೆ ನೆಟ್ಟಗೆ ನಿಂತ ಬೆಟ್ಟ. ಇಷ್ಟು ಚೆಂದದ ನೀರಿನ ದಾರಿಯನ್ನು ಬರೀ ಒಂದು ಸಾರಿಗೆ ಅಂತ ಅಂದುಕೊಂಡು ನಿದ್ದೆ ಮಾಡಬೇಡಿ. ಆಚೆ ದಡ ಫಿಯೆರ್ಜಾದಿಂದ ವ್ಯಾನ್‌ನಲ್ಲಿ ವಲ್ಬೋನಾ. ರಾತ್ರಿ ಅಲ್ಲಿ ಮಲಗಿ, ಮರುದಿನ ಬೆಳಗ್ಗೆ ಏಳಕ್ಕೆ ನಡೆಯಲು ಶುರು. ಸಂಜೆಗೆ ಥೆತ್. ಥೆತ್‌ನಲ್ಲಿ ಒಂದು ದಿನ ಜಾಸ್ತಿ ಇರಿ. ಅಲ್ಲೊಂದು ಕಿಟಕಿ ಸಣ್ಣದಿರುವ ಕಲ್ಲಿನ ಗೋಪುರ ಮನೆ ಇದೆ. ಕುಲಗಳ ನಡುವೆ ರಕ್ತದ ಹಗೆ ಇದ್ದಾಗ, ಪ್ರತೀಕಾರಕ್ಕೆ ಗುರಿಯಾದ ಗಂಡಸು ಅದರೊಳಗೆ ಸೇರಿಕೊಂಡು ರಾಜಿಯಾಗುವವರೆಗೆ ಕಾಯುತ್ತಿದ್ದ. ಆಮೇಲೆ ವ್ಯಾನ್‌ನಲ್ಲಿ ಶ್ಕೋದರ್‌ಗೆ ವಾಪಸ್.

ಬೆಟ್ಟದ ಮನೆಗಳಲ್ಲಿ ರಾತ್ರಿ ಊಟ, ಬೆಳಗಿನ ತಿಂಡಿ ಸೇರಿಸಿಯೇ ಬೆಲೆ. ತಮ್ಮದೇ ತರಕಾರಿ, ತಮ್ಮದೇ ಹಸುವಿನ ಗಿಣ್ಣ (ಅಂದರೆ ಚೀಸ್), ಜೇನು. ಮಾಂಸ ಬೇಡ ಅಂತ ಮುಂಚೆಯೇ ಹೇಳಿದರೆ ಸಂತೋಷವಾಗಿ ಮಾಡಿಕೊಡುತ್ತಾರೆ.

ಎಲ್ಲೆಲ್ಲೂ ಕಾಂಕ್ರೀಟ್ ಗುಮ್ಮಟ ಕಾಣುತ್ತದಂತೆ, ಏನವು?

ಬಂಕರ್‌ಗಳು. ಎನ್ವರ್ ಹೋಜಾ 1944ರಿಂದ 1985ರಲ್ಲಿ ಸಾಯುವವರೆಗೆ ಅಲ್ಬೇನಿಯಾ ಆಳಿದ. ಮೊದಲು ಯುಗೊಸ್ಲಾವಿಯಾ, ಆಮೇಲೆ ರಷ್ಯಾ, ಕೊನೆಗೆ ಚೀನಾ, ಎಲ್ಲರ ಜೊತೆಗೂ ಸಂಬಂಧ ಕಡಿದುಕೊಂಡ. ಎಲ್ಲರೂ ದಾಳಿ ಮಾಡುತ್ತಾರೆ ಎಂಬ ಭಯದಲ್ಲಿ ಹೊಲ, ಸಮುದ್ರ ತೀರ, ಸ್ಮಶಾನ ಬಿಡದೆ ಒಂದೂವರೆ ಲಕ್ಷಕ್ಕೂ ಹೆಚ್ಚು ಬಂಕರ್ ಕಟ್ಟಿಸಿದ. ಮನೆಯಿಲ್ಲದ ಜನಕ್ಕೆ ಮನೆ ಕಟ್ಟಬಹುದಾಗಿದ್ದ ಸಿಮೆಂಟು ಅದು. 1967ರಲ್ಲಿ ಧರ್ಮವನ್ನೇ ನಿಷೇಧಿಸಿ ಚರ್ಚು, ಮಸೀದಿ ಎಲ್ಲ ಮುಚ್ಚಿಸಿದ. ಟಿರಾನಾದಲ್ಲಿ ಬಂಕ್‌ಆರ್ಟ್ ಎಂಬ ಮ್ಯೂಸಿಯಂ ಇದೆ, ಅವನ ಭೂಗತ ಅಡಗುತಾಣದೊಳಗೇ. ಅರ್ಧ ದಿನ ಇಟ್ಟುಕೊಂಡು ನೋಡಿ. ಅದನ್ನು ನೋಡಿದರೆ ಮುಂದಿನ ಊರುಗಳಲ್ಲಿ ವಯಸ್ಸಾದವರು ಯಾಕೆ ಇಟಾಲಿಯನ್ ಮಾತಾಡುತ್ತಾರೆ ಅಂತಲೂ ಅರ್ಥವಾಗುತ್ತದೆ: ಕದ್ದು ನೋಡುತ್ತಿದ್ದ ಇಟಲಿಯ ಟಿವಿಯೇ ಅವರಿಗೆ ಹೊರಜಗತ್ತಿನ ಕಿಟಕಿ.

ಬೆರಾತ್, ಜಿರೊಕಾಸ್ಟರ್, ಎರಡರಲ್ಲಿ ಒಂದೇ ನೋಡುವುದಾದರೆ?

ಜಿರೊಕಾಸ್ಟರ್. ಬೆರಾತ್ ಬಿಳಿ ಮನೆ, ಸಾಲು ಕಿಟಕಿ, ನದಿ, ನೋಡಲು ಹಿತ. ಜಿರೊಕಾಸ್ಟರ್ ಕಡಿದಾದ ಕಲ್ಲಿನ ಊರು, ಸೂರಿಗೂ ಕಲ್ಲಿನ ಹಲಗೆಯನ್ನೇ ಹೊದಿಸಿದ್ದಾರೆ. ಒಟ್ಟೋಮನ್ ಕಾಲದ ದೊಡ್ಡ ಮನೆಗಳ ಒಳಗೆ ಹೋಗಿ ನೋಡಬಹುದು. ಹೋಜಾ ಹುಟ್ಟಿದ ಊರೂ ಅದೇ. ಕೋಟೆಯ ಕೆಳಗೆ ಅವನ ಕಾಲದ ಸುರಂಗ ಇದೆ.

ಸಸ್ಯಾಹಾರಿಗಳಿಗೆ ಊಟದ ಕಥೆ ಏನು?

ಹೆದರಬೇಡಿ. ಯುರೋಪಿನಲ್ಲಿ ಸಸ್ಯಾಹಾರಿಗಳಿಗೆ ಇಷ್ಟು ಒಳ್ಳೆಯ ದಾರಿ ಇನ್ನೊಂದು ಸಿಗುವುದು ಕಷ್ಟ. ಬಡವರ ಅಡುಗೆಯೇ ಇಲ್ಲಿನ ಮುಖ್ಯ ಅಡುಗೆ. ಮಾಂಸ ಹಬ್ಬಕ್ಕೆ ಮಾತ್ರ ಇದ್ದ ಊರುಗಳಲ್ಲಿ ಕಾಳು, ಸೊಪ್ಪು, ಎಣ್ಣೆಯಲ್ಲಿ ಎಷ್ಟು ರುಚಿ ತೆಗೆಯಬಹುದೋ ಅಷ್ಟೂ ತೆಗೆದಿದ್ದಾರೆ.

ನೇಪಲ್ಸ್‌ನಲ್ಲಿ ಮರಿನಾರಾ ಪಿಜ್ಜಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೋ, ಎಣ್ಣೆ, ಅಷ್ಟೇ, ಗಿಣ್ಣವೂ ಇಲ್ಲ. ಅಲ್ಲಿನ ಉಂಗುರದಂಥ ತರಾಲ್ಲಿ ಬಿಸ್ಕತ್ತಿಗೆ ಹಂದಿ ಕೊಬ್ಬು ಹಾಕುತ್ತಾರೆ, ಹುಷಾರು. ಬಾರಿ ಕಡೆಯ ತರಾಲ್ಲಿಗೆ ಸಾಮಾನ್ಯವಾಗಿ ಆಲಿವ್ ಎಣ್ಣೆ. ಬಾರಿಯಲ್ಲಿ ಟೊಮೆಟೊ, ಆಲಿವ್ ಹಾಕಿದ ಫೊಕಾಚಾ ರೊಟ್ಟಿ ತಿನ್ನಿ. ಒಣ ಕಾಳನ್ನು ಬೇಯಿಸಿ ಮಸೆದು, ಪಕ್ಕದಲ್ಲಿ ಕಹಿ ಸೊಪ್ಪು ಇಟ್ಟು, ಮೇಲೆ ಎಣ್ಣೆ ಸುರಿದು ಕೊಡುವ ಫಾವೆ ಎ ಚಿಕೋರಿಯಾ ತಿನ್ನದೆ ಆ ಊರು ಬಿಡಬೇಡಿ. ಕಿವಿಯಾಕಾರದ ಒರೆಕ್ಕಿಯೆತ್ತೆ ಪಾಸ್ತಾವನ್ನು ಹಳೇ ಊರಿನ ಓಣಿಯಲ್ಲಿ ಹೆಂಗಸರು ಬಾಗಿಲಲ್ಲಿ ಕೂತು ಮಾಡುತ್ತಾರೆ. ಅದನ್ನು ಸೊಪ್ಪಿನ ಜೊತೆ ಕೊಡುವಾಗ ಬಹಳ ಕಡೆ ಸಣ್ಣ ಮೀನು ಅರೆದು ಹಾಕಿರುತ್ತಾರೆ, ಕೇಳಿಯೇ ತಿನ್ನಿ. ಪಾರ್ಮೆಸಾನ್, ಪೆಕೊರೀನೊ ಗಿಣ್ಣಕ್ಕೆ ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಕಟ್ಟುನಿಟ್ಟಿನವರು ಗಿಣ್ಣ ಬೇಡ ಅನ್ನಿ.

ಅಲ್ಬೇನಿಯಾದಲ್ಲಿ ತೆಳು ಪದರಗಳ ನಡುವೆ ಸೊಪ್ಪು ಇಟ್ಟು ಬೇಯಿಸಿದ ಬ್ಯುರೆಕ್, ದೊಣ್ಣೆಮೆಣಸಿನಕಾಯಿ-ಟೊಮೆಟೊ-ಗಿಣ್ಣದ ಫೆರ್ಗೆಸೆ, ಗಟ್ಟಿ ಮೊಸರು. ಗ್ರೀಸ್‌ನಲ್ಲಿ ಎಣ್ಣೆಯಲ್ಲೇ ಬೇಯಿಸಿದ ತರಕಾರಿ, ಕಾಳುಗಳ ದೊಡ್ಡ ಪಟ್ಟಿಯೇ ಇದೆ. ಫಾವಾ ಎಂಬ ಹಳದಿ ಬೇಳೆಯ ಖಾದ್ಯ ನಮ್ಮ ಗಟ್ಟಿ ತೊವ್ವೆಯಂತೆಯೇ ಇರುತ್ತದೆ, ಮೇಲೆ ಹಸಿ ಈರುಳ್ಳಿ. ಜೈನರಿಗೆ, ವೀಗನ್‌ಗಳಿಗೆ ಒಂದು ಗುಟ್ಟು: ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಉಪವಾಸ ಮಾಡುತ್ತಾರೆ, ಆಗ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. "ನಿಸ್ತೀಸಿಮೋ" ಇದೆಯಾ ಅಂತ ಕೇಳಿದರೆ ಅಡುಗೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಆ ಊಟದಲ್ಲಿ ಸೀಗಡಿ, ಆಕ್ಟೋಪಸ್ ಬರಬಹುದು, ಅದನ್ನೊಂದು ಕೇಳಿಕೊಳ್ಳಿ. ಮಾಂಸ ಬೇಡ ಅನ್ನಲು ಇಟಲಿಯಲ್ಲಿ "ಸೆಂತ್ಸಾ ಕಾರ್ನೆ", ಅಲ್ಬೇನಿಯಾದಲ್ಲಿ "ಪಾ ಮಿಶ್", ಗ್ರೀಸ್‌ನಲ್ಲಿ "ಹೊರೀಸ್ ಕ್ರೆಯಾಸ್".

ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ, ಹಾಲಿನ ಸಿಹಿ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ ಮತ್ತು ಮಾಂಸ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ.

ಸರಾಂದಾ-ಕೊರ್ಫು ದಾಟುವುದು?

ವೇಗದ ದೋಣಿಗೆ ಅರ್ಧ ಗಂಟೆ, ದೊಡ್ಡ ಹಡಗಿಗೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಗ್ರೀಸ್ ಗಡಿಯಾರ ಅಲ್ಬೇನಿಯಾಕ್ಕಿಂತ ಒಂದು ಗಂಟೆ ಮುಂದೆ. ಮುಂದಿನ ಹಡಗು, ಬಸ್ಸಿನ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ಸರಾಂದಾ ಬರೀ ಹೋಟೆಲ್ ಕಟ್ಟಡಗಳ ಊರು, ಒಂದು ರಾತ್ರಿ ಸಾಕು. ಆದರೆ ಪಕ್ಕದ ಬುಟ್ರಿಂಟ್ ಬಿಡಬೇಡಿ. ಗ್ರೀಕ್, ರೋಮನ್, ಬೈಜಾಂಟಿನ್, ವೆನಿಸ್, ಎಲ್ಲರ ಅವಶೇಷ ಒಂದೇ ಕಾಡಿನ ನೆರಳಲ್ಲಿ.

ಮೆಟಿಯೊರಾದಲ್ಲಿ ಏನು ಗೊತ್ತಿರಬೇಕು?

ನೆಟ್ಟನೆಯ ಬಂಡೆಗಳ ತುದಿಯಲ್ಲಿ ಆರು ಮಠಗಳು ಈಗಲೂ ನಡೆಯುತ್ತಿವೆ, ಎರಡರಲ್ಲಿ ಸನ್ಯಾಸಿನಿಯರು. ಮೆಟ್ಟಿಲು ಕಡಿಯುವ ಮುಂಚೆ ಜನರನ್ನೂ ಸಾಮಾನನ್ನೂ ಬಲೆಯಲ್ಲಿ ಹಾಕಿ ಮೇಲಕ್ಕೆ ಎಳೆಯುತ್ತಿದ್ದರು. ಒಂದೊಂದು ಮಠಕ್ಕೆ ವಾರದಲ್ಲಿ ಬೇರೆ ಬೇರೆ ದಿನ ರಜೆ, ಬಂಡೆಗಳ ಬುಡದ ಊರು ಕಲಂಬಾಕಾದಲ್ಲಿ ವಿಚಾರಿಸಿ. ಹೆಂಗಸರು ಉದ್ದ ಲಂಗ ಉಡಬೇಕು, ಗಂಡಸರು ಪೂರ್ತಿ ಪ್ಯಾಂಟ್. ತೆಳು ಪಂಚೆಯೋ ದುಪಟ್ಟಾವೋ ಇದ್ದರೆ ಸುತ್ತಿಕೊಳ್ಳಲು ಅನುಕೂಲ. ಮೇಲಕ್ಕೆ ಬಸ್ಸಿನಲ್ಲಿ ಹೋಗಿ, ಹಳೆಯ ಕಾಲುದಾರಿಯಲ್ಲಿ ನಡೆದು ಇಳಿಯಿರಿ. ಎರಡು ಮಠ ಸಾಕು, ಆರೂ ಓಡಿ ಓಡಿ ನೋಡಿದರೆ ಒಂದೂ ನೆನಪಿರುವುದಿಲ್ಲ.

ಮೊಬೈಲ್, ಚಾರ್ಜರ್?

ಇಟಲಿಯಲ್ಲಿ ತೆಗೆದ ಸಿಮ್ ಗ್ರೀಸ್‌ನಲ್ಲಿ ನಡೆಯುತ್ತದೆ, ಅಲ್ಬೇನಿಯಾದಲ್ಲಿ ಅದೇ ದರಕ್ಕೆ ನಡೆಯುವುದಿಲ್ಲ. ಅಲ್ಲಿಗೆ ಬೇರೆ ಸಿಮ್ ತೆಗೆದುಕೊಳ್ಳಿ. ನಮ್ಮ ದಪ್ಪ ಮೂರು ಪಿನ್ ಪ್ಲಗ್ ಹಿಡಿಸುವುದಿಲ್ಲ, ತೆಳು ಎರಡು ಪಿನ್ ಸರಿ.

ಎಷ್ಟು ಕೆಜಿ ಬ್ಯಾಗು?

ಎಂಟರ ಒಳಗೆ. ಚಕ್ರದ ಸೂಟ್‌ಕೇಸ್ ಮತ್ತು ಮತೇರಾದ ಮೆಟ್ಟಿಲು ಒಟ್ಟಿಗೆ ಹೋಗುವುದಿಲ್ಲ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಮಂಡಿ ಗಟ್ಟಿಯಿದ್ದರೆ ಬೆಟ್ಟದ ಚಾರಣ ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ಹಡಗಿನಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ. ಕೊಮಾನ್ ದೋಣಿಯಲ್ಲಿ ಹೋಗಿ ಅವತ್ತೇ ವಾಪಸ್ ಬರುವ ವ್ಯವಸ್ಥೆಯೂ ಇದೆ. ಸಂಜೆ ಹೊತ್ತು ಮೂರೂ ದೇಶದಲ್ಲಿ ಇಡೀ ಊರು, ಅಜ್ಜಿಯಿಂದ ಮೊಮ್ಮಗುವರೆಗೆ, ಸುಮ್ನೆ ಬೀದಿಯಲ್ಲಿ ಅಡ್ಡಾಡುತ್ತದೆ. ಹಿರಿಯರಿಗೆ ಅದು ಬಹಳ ಇಷ್ಟವಾಗುತ್ತದೆ.

ರಜೆ ಎರಡೇ ವಾರ ಸಿಕ್ಕಿದೆ. ಯಾವುದನ್ನು ಬಿಡಲಿ?

ಅಥೆನ್ಸ್ ಬಿಡಿ, ಅಲ್ಲಿ ವಿಮಾನ ಹತ್ತಲು ಮಾತ್ರ ಹೋಗಿ. ಕೊರ್ಫುನಲ್ಲಿ ಉಳಿಯಬೇಡಿ, ಅದೇ ದಿನ ದಾಟಿ. ಬೆರಾತ್ ಬಿಡಿ. ಪೊಂಪೇ ಕೂಡ ಬೇಕಾದರೆ ಬಿಡಿ, ಬೇಜಾರಾದರೂ ಪರವಾಗಿಲ್ಲ. ಬಾರಿಯ ರಾತ್ರಿ ಹಡಗು ಮತ್ತು ಥೆತ್ ಬೆಟ್ಟಗಳನ್ನು ಮಾತ್ರ ಬಿಡಬೇಡಿ. ಅವೆರಡನ್ನೂ ತೆಗೆದರೆ ಇಟಲಿ, ಗ್ರೀಸ್ ಅಂತ ಎರಡು ಬೇರೆ ಬೇರೆ ರಜೆ ಉಳಿಯುತ್ತವೆ, ಈ ದಾರಿ ಉಳಿಯುವುದಿಲ್ಲ.